ತಂತಿಯನ್ನು ಅಚ್ಚು ಹಾಕಿದವನು: ಪಾಲ್ ಐಸ್ಲರನ ಬಾಳು

ರಾಜ್ಯೋತ್ಸವದ ಸಂಚಿಕೆಯಲ್ಲಿ ನಾಡಿನ ಕವಿಗಳ, ಶರಣರ, ವೀರರ ಚರಿತ್ರೆಗಳನ್ನು ಬರೆಯುವುದು ವಾಡಿಕೆಯಾಗಿದೆ. ಅದು ಯೋಗ್ಯವಾದುದೇ. ಆದರೆ ಈ ಸಲ ಸಂಪಾದಕ ಮಂಡಲಿಯವರು ನಮ್ಮಿಂದ ಒಂದು ಲೇಖನವನ್ನು ಕೇಳಿದಾಗ, ಕನ್ನಡ ನಾಡಿನವನಲ್ಲದ, ಕನ್ನಡದ ಹೆಸರನ್ನೂ ಬಹುಶಃ ಕೇಳಿರದ ಒಬ್ಬನ ಬಾಳನ್ನು ನಾವು ಆರಿಸಿಕೊಂಡೆವು. ಇದಕ್ಕೆ ಎರಡು ಕಾರಣಗಳಿವೆ. ಆತನ ಕೈಚಳಕದ ಫಲವು ಈ ಮುಂಬಯಿಯಲ್ಲಿರುವ ನಮ್ಮ ನಿಮ್ಮ ಪ್ರತಿಯೊಂದು ಮನೆಯಲ್ಲಿಯೂ ಇದೆ ಎಂಬುದು ಮೊದಲನೆಯದು. ಆತನೂ ನಮ್ಮಂತೆ ಹೊಟ್ಟೆಪಾಡಿಗಾಗಿ ಹುಟ್ಟಿದೂರನ್ನು ಬಿಟ್ಟು, ಪರಭಾಷೆಯ ದೊಡ್ಡ ಪಟ್ಟಣವೊಂದರ ಬಾಡಿಗೆ ಕೋಣೆಯಲ್ಲಿ ಬದುಕನ್ನು ಕಟ್ಟಿದವನು ಎಂಬುದು ಎರಡನೆಯದು.

ಈ ವಿಷಯವು ನಮ್ಮ ತಲೆಗೆ ಬಂದ ಬಗೆಯನ್ನು ಮೊದಲು ಹೇಳುವೆವು. ನಮ್ಮ ತಂದೆಯವರು ಬಹಳ ವರ್ಷಗಳ ಹಿಂದೆ ಕೊಂಡ ಒಂದು ರೇಡಿಯೋ ನಮ್ಮ ಮನೆಯಲ್ಲಿದೆ. ಅದು ಕೆಲವು ತಿಂಗಳುಗಳಿಂದ ಮೂಕವಾಗಿತ್ತು. ಎಸೆಯಲು ಮನಸ್ಸು ಬರಲಿಲ್ಲ. ಒಂದು ಶನಿವಾರ ಬ್ಯಾಂಕಿಗೆ ರಜೆಯಿದ್ದುದರಿಂದ ಅದನ್ನು ಚೀಲದಲ್ಲಿಟ್ಟುಕೊಂಡು ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಅಲ್ಲಿಯ ಸಣ್ಣ ಅಂಗಡಿಯೊಂದರ ರಿಪೇರಿಯವನು ಡಬ್ಬಿಯನ್ನು ಬಿಚ್ಚಿ, ಒಳಗಿನ ಬೋರ್ಡನ್ನು ಹೊರಕ್ಕೆ ತೆಗೆದು, ಕಣ್ಣಿಗೆ ಭೂತಗನ್ನಡಿಯನ್ನಿಟ್ಟುಕೊಂಡು ನೋಡಿದನು. ಒಂದು ಬೆಸುಗೆಯ ಸುತ್ತಲೂ ಕೂದಲೆಳೆಯಂಥ ಬಿರುಕು ಇದ್ದಿತು. ಕಾದ ಸೋಲ್ಡರಿಂಗ್ ಐರನ್ನನ್ನು ಅದಕ್ಕೆ ಮುಟ್ಟಿಸಿದನು. ರಾಳದ ಹೊಗೆ ಎದ್ದಿತು. ಬೆಸುಗೆಯು ಕರಗಿ, ಹೊಳೆದು, ಮರಳಿ ಗಟ್ಟಿಯಾಯಿತು. ರೇಡಿಯೋ ಮಾತನಾಡಿತು. ಎಲ್ಲವೂ ಹತ್ತು ನಿಮಿಷದ ಕೆಲಸ.

ಆ ಬೋರ್ಡನ್ನು ನಾವು ಮೊದಲ ಸಲ ಲಕ್ಷ್ಯಗೊಟ್ಟು ನೋಡಿದೆವು. ಅಂಗೈಯಗಲದ ತೆಳುವಾದ ಹಲಗೆ. ಒಂದು ಮಗ್ಗುಲಲ್ಲಿ ಬಣ್ಣಬಣ್ಣದ ಸಣ್ಣ ಸಾಮಾನುಗಳು ನಿಂತಿವೆ. ಇನ್ನೊಂದು ಮಗ್ಗುಲಲ್ಲಿ ತಾಮ್ರದ ಗೆರೆಗಳು, ಅಂಗಳದ ರಂಗವಲ್ಲಿಯಂತೆ, ಒಂದನ್ನೊಂದು ಮುಟ್ಟದೆ ಸುತ್ತಿ ಬಳಸಿ ಹೋಗಿವೆ. ಒಂದೇ ಒಂದು ಉದ್ದನೆಯ ತಂತಿಯೂ ಇಲ್ಲ. ಇದನ್ನು ಮೊದಲು ಯೋಚಿಸಿದವರಾರೆಂದು ಕೇಳಿದೆವು. ಜೀವಮಾನವೆಲ್ಲ ಅವುಗಳೊಡನೆಯೇ ಕಳೆದ ಆ ರಿಪೇರಿಯವನಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಹುಡುಕಿ ಓದಿದಾಗ ದೊರೆತ ಹೆಸರೇ ಪಾಲ್ ಐಸ್ಲರ್.

ಐಸ್ಲರನು 1907ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಒಂದು ಯೆಹೂದಿ ಕುಟುಂಬದಲ್ಲಿ ಹುಟ್ಟಿದನು. ಆತನು ಏಳೆಂಟು ವರ್ಷದವನಾಗಿದ್ದಾಗ ಮೊದಲನೆಯ ಮಹಾಯುದ್ಧವು ನಡೆದಿತ್ತು. ಹನ್ನೊಂದು ತುಂಬುವ ಹೊತ್ತಿಗೆ ಶತಮಾನಗಳ ಸಾಮ್ರಾಜ್ಯವು ಕುಸಿದು, ವಿಯೆನ್ನಾ ಒಂದು ಸಣ್ಣ ದೇಶದ ದೊಡ್ಡ ರಾಜಧಾನಿಯಾಗಿ ಉಳಿಯಿತು. ಅಂಥ ಕಷ್ಟದ ದಿನಗಳಲ್ಲಿಯೂ ಹುಡುಗನು ಓದನ್ನು ಬಿಡಲಿಲ್ಲ. 1930ರಲ್ಲಿ ವಿಯೆನ್ನಾದ ತಾಂತ್ರಿಕ ವಿದ್ಯಾಪೀಠದಿಂದ ಇಂಜಿನಿಯರಿಂಗ್ ಪದವಿಯನ್ನು ಪಡೆದನು.

ಪದವಿ ದೊರೆಯಿತು, ನೌಕರಿ ದೊರೆಯಲಿಲ್ಲ. ಅದು ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಕ್ಕಿದ್ದ ಕಾಲ. ಅದರ ಮೇಲೆ ಯೆಹೂದ್ಯರ ವಿಷಯದಲ್ಲಿ ಆಸ್ಟ್ರಿಯಾದಲ್ಲಿ ದ್ವೇಷವು ದಿನದಿನಕ್ಕೆ ಹೆಚ್ಚುತ್ತಿದ್ದಿತು. ಯೋಗ್ಯತೆಯಿದ್ದರೂ ಹುಟ್ಟಿದ ಕುಲದ ಕಾರಣದಿಂದ ಬಾಗಿಲುಗಳು ಮುಚ್ಚಿಕೊಂಡವು. ಕಡೆಗೆ ಬೆಲ್‌ಗ್ರೇಡಿನಲ್ಲಿ ಒಂದು ಕೆಲಸ ಸಿಕ್ಕಿತು: ಓಡುವ ರೈಲುಗಾಡಿಯಲ್ಲಿ ಪ್ರಯಾಣಿಕರಿಗೆ ರೇಡಿಯೋ ಕೇಳಿಸುವಾಗ ಉಂಟಾಗುವ ಗರಗರ ಸದ್ದನ್ನು ಹೋಗಲಾಡಿಸುವುದು. ಆ ಕೆಲಸ ಮುಗಿದ ಮೇಲೆ ಆತನು ವಿಯೆನ್ನಾಕ್ಕೆ ಮರಳಬೇಕಾಯಿತು. ಇಂಜಿನಿಯರನ ಕೆಲಸವು ಮತ್ತೆ ಇಲ್ಲ. ರೇಡಿಯೋ ಕುರಿತಾದ ಪತ್ರಿಕೆಯೊಂದಕ್ಕೆ ಬರೆಯುತ್ತ, ಅದನ್ನು ಹೊರಡಿಸುತ್ತ, ಅಚ್ಚುಕೂಟದಲ್ಲಿ ದಿನಗಳನ್ನು ಕಳೆದನು.

ದಾರಿ ತಪ್ಪಿದಂತೆ ತೋರಿದ ಈ ಅಚ್ಚುಕೂಟದ ವಾಸವೇ ಆತನ ಬಾಳಿನ ಹೆದ್ದಾರಿಯಾಯಿತು. ಅಚ್ಚಿನ ಕೆಲಸದ ಒಳಹೊರಗನ್ನು ಆತನು ಅಲ್ಲಿ ಕಲಿತನು. ಒಂದು ಚಿತ್ರವನ್ನು ಲೋಹದ ಫಲಕದ ಮೇಲೆ ಇಳಿಸುವುದು ಹೇಗೆ, ಬೇಕಾದ ಭಾಗವನ್ನು ಆಮ್ಲಕ್ಕೆ ಜಗ್ಗದ ಲೇಪದಿಂದ ಕಾಪಾಡಿ, ಬೇಡವಾದ ಭಾಗವನ್ನು ಆಮ್ಲದಿಂದ ತಿನ್ನಿಸಿಬಿಡುವುದು ಹೇಗೆ, ಒಂದು ಸಲ ಸಿದ್ಧವಾದ ಪಡಿಯಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒಂದರಂತೆ ಒಂದಾಗಿ ತೆಗೆಯುವುದು ಹೇಗೆ, ಇವೆಲ್ಲ ಆತನಿಗೆ ಕರಗತವಾದವು. ಹಳೆಯ ಸಂಚಿಕೆಗಳಲ್ಲಿ ಫೋಟೋ ಅಚ್ಚಾಗಬೇಕಾದರೆ ಸತುವಿನ ಬ್ಲಾಕು ಮಾಡಿಸುತ್ತಿದ್ದುದನ್ನು ನಮ್ಮ ಸಂಘದ ಹಿರಿಯ ಸದಸ್ಯರು ಬಲ್ಲರು. ಅದೇ ಕ್ರಮ.

ಆದರೆ ಮನೆಯಲ್ಲಿ ಇರುವ ಪರಿಸ್ಥಿತಿಯಿರಲಿಲ್ಲ. 1934ರಲ್ಲಿ ಆಸ್ಟ್ರಿಯಾದಲ್ಲಿ ಸರ್ವಾಧಿಕಾರದ ಆಡಳಿತವು ಬಲವಾಯಿತು. ನೆರೆಯ ಜರ್ಮನಿಯಲ್ಲಿ ಹಿಟ್ಲರನು ಆಗಲೇ ಅಧಿಕಾರದಲ್ಲಿದ್ದನು. 1936ರಲ್ಲಿ ಐಸ್ಲರನು ತನ್ನ ಎರಡು ಹೊಸ ಕಲ್ಪನೆಗಳ ಪೇಟೆಂಟುಗಳನ್ನು ಬಂಡವಾಳ ಮಾಡಿಕೊಂಡು ಇಂಗ್ಲೆಂಡಿಗೆ ಹೋದನು. ಎರಡು ವರ್ಷಗಳ ನಂತರ, 1938ರ ಮಾರ್ಚಿನಲ್ಲಿ, ಹಿಟ್ಲರನ ಸೈನ್ಯವು ವಿಯೆನ್ನಾವನ್ನು ಹೊಕ್ಕಿತು. ಅಲ್ಲಿಯೇ ಉಳಿದಿದ್ದರೆ ಆತನ ಗತಿ ಏನಾಗುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ. ತನ್ನವರನ್ನು ಅಲ್ಲಿಂದ ಪಾರುಮಾಡಿ ತರುವುದಕ್ಕಾಗಿ ಆತನು ಪಟ್ಟ ಕಷ್ಟ ಸಣ್ಣದಲ್ಲ.

ಲಂಡನ್ನಿನ ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಒಂದು ಬಾಡಿಗೆ ಕೋಣೆ. ಮುಂಬಯಿಗೆ ಬಂದ ಹೊಸದರಲ್ಲಿ ಚಾಳಿನ ಕೋಣೆಯಲ್ಲಿ ನಾಲ್ಕು ಜನ ಮಲಗುತ್ತಿದ್ದ ನಮ್ಮ ಹಿರಿಯರ ನೆನಪು ವಾಚಕರಿಗೆ ಇಲ್ಲಿ ಬರದಿರದು. ಆ ಕೋಣೆಯಲ್ಲಿಯೇ ಐಸ್ಲರನು ತನ್ನ ಪ್ರಯೋಗವನ್ನು ಹೂಡಿದನು.

ಆತನು ಮಾಡಹೊರಟಿದ್ದೇನೆಂಬುದು ತಿಳಿಯಬೇಕಾದರೆ, ಅಂದಿನ ರೇಡಿಯೋದ ಹೊಟ್ಟೆಯೊಳಗೆ ಏನಿತ್ತೆಂಬುದನ್ನು ನೋಡಬೇಕು. ತಗಡಿನ ಒಂದು ಚೌಕಟ್ಟು. ಅದರ ಮೇಲೆ ಗಾಜಿನ ವಾಲ್ವುಗಳು. ಅದರ ಅಡಿಯಲ್ಲಿ ಹೆಣೆದ ಹಗ್ಗದ ಮಂಚದಂತೆ ಎತ್ತಿಂದೆತ್ತಲೋ ಹಾಯುವ ತಂತಿಗಳು. ಪ್ರತಿಯೊಂದು ತಂತಿಯನ್ನೂ ಅಳೆದು, ಕತ್ತರಿಸಿ, ತುದಿಯ ಸಿಪ್ಪೆ ಸುಲಿದು, ಎರಡೂ ಕೊನೆಗಳನ್ನು ಕೈಯಿಂದ ಬೆಸೆಯಬೇಕು. ಕಾರ್ಖಾನೆಯಲ್ಲಿ ಸಾಲುಸಾಲಾಗಿ ಹುಡುಗಿಯರು ಕುಳಿತು ದಿನವೆಲ್ಲ ಇದೇ ಕೆಲಸವನ್ನು ಮಾಡುತ್ತಿದ್ದರು. ಒಂದು ತಂತಿ ತಪ್ಪಿದರೆ ರೇಡಿಯೋ ಮೂಕ. ತಪ್ಪೆಲ್ಲಿದೆಯೆಂದು ಆ ಕಾಡಿನಲ್ಲಿ ಹುಡುಕುವುದು ಇನ್ನೊಬ್ಬರ ಪಾಲಿನ ಶಿಕ್ಷೆ. ಒಂದರಂತೆ ಇನ್ನೊಂದು ಆಗುವ ಭರವಸೆಯೂ ಇರಲಿಲ್ಲ.

ಐಸ್ಲರನಿಗೆ ಹೊಳೆದುದು ಇಷ್ಟೆ: ಅಕ್ಷರವನ್ನು ಅಚ್ಚು ಹಾಕಬಹುದಾದರೆ ತಂತಿಯನ್ನೇಕೆ ಅಚ್ಚು ಹಾಕಬಾರದು? ವಿದ್ಯುತ್ತು ಹರಿಯದ ಹಲಗೆಯೊಂದಕ್ಕೆ ತಾಮ್ರದ ತೆಳ್ಳನೆಯ ಹಾಳೆಯನ್ನು ಅಂಟಿಸಬೇಕು. ತಂತಿಗಳು ಎಲ್ಲೆಲ್ಲಿ ಹೋಗಬೇಕೋ ಅಲ್ಲಲ್ಲಿ ಆಮ್ಲ ತಿನ್ನದ ಮಸಿಯಿಂದ ನಕ್ಷೆಯನ್ನು ಅಚ್ಚು ಹಾಕಬೇಕು. ಬಳಿಕ ಹಲಗೆಯನ್ನು ಫೆರಿಕ್ ಕ್ಲೋರೈಡಿನಂಥ ದ್ರಾವಣದಲ್ಲಿ ಅದ್ದಿದರೆ ಮಸಿಯಿಲ್ಲದ ತಾಮ್ರವೆಲ್ಲ ಕರಗಿಹೋಗುತ್ತದೆ. ಮಸಿಯ ಅಡಿಯ ತಾಮ್ರ ಮಾತ್ರ ಗೆರೆಗಳಾಗಿ ನಿಲ್ಲುತ್ತದೆ. ಆ ಗೆರೆಗಳೇ ತಂತಿಗಳು. ಮಸಿಯನ್ನು ತೊಳೆದು ತೂತು ಕೊರೆದು ಸಾಮಾನುಗಳ ಕಾಲುಗಳನ್ನು ತೂರಿಸಿ ಬೆಸೆದರೆ ಕೆಲಸವಾಯಿತು. ಇಂದು ಇಂಥ ಬೋರ್ಡುಗಳಿಗೆ ಸಾಮಾನ್ಯವಾಗಿ ಬಳಸುವ ತಾಮ್ರದ ಹಾಳೆಯ ದಪ್ಪವು 35 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸುಮಾರು ಮೂವತ್ತನೆಯ ಒಂದು ಪಾಲು.

ಇಂಥದೊಂದು ಯೋಚನೆ ಬೇರೆ ಯಾರಿಗೂ ಬಂದಿರಲಿಲ್ಲವೆಂದರೆ ಸುಳ್ಳಾದೀತು. 1903ರಲ್ಲಿಯೇ ಆಲ್ಬರ್ಟ್ ಹ್ಯಾನ್ಸನ್ ಎಂಬಾತನು ಲೋಹದ ಚಪ್ಪಟೆ ಪಟ್ಟಿಗಳನ್ನು ಹಲಗೆಗೆ ಅಂಟಿಸುವ ಕ್ರಮಕ್ಕೆ ಪೇಟೆಂಟು ಕೇಳಿದ್ದನು. 1925ರಲ್ಲಿ ಅಮೆರಿಕದ ಚಾರ್ಲ್ಸ್ ಡುಕಾಸನು ವಿದ್ಯುತ್ತು ಹರಿಯುವ ಮಸಿಯಿಂದ ಹಾದಿಗಳನ್ನು ಬರೆಯುವ ಕ್ರಮವನ್ನು ಪೇಟೆಂಟು ಮಾಡಿಸಿದ್ದನು. ಆದರೆ ಅಚ್ಚುಕೂಟದ ಆಮ್ಲದ ಕ್ರಮವನ್ನು ತಾಮ್ರದ ಹಾಳೆಗೆ ಹೊಂದಿಸಿ, ರೇಡಿಯೋಗಳಿಗೆ ಬೇಕಾದ ಬೋರ್ಡುಗಳನ್ನು ಪುಸ್ತಕದ ಪುಟಗಳಂತೆ ಹೊರಡಿಸುವ ದಾರಿಗಾಗಿ ಪಟ್ಟುಹಿಡಿದು ದುಡಿದವನು ಐಸ್ಲರನು.

ಆತನು ತನ್ನ ಮಾದರಿಯನ್ನು ಹೊತ್ತುಕೊಂಡು ಪ್ಲೆಸ್ಸಿ ಎಂಬ ದೊಡ್ಡ ಕಂಪನಿಯ ಬಾಗಿಲಿಗೆ ಹೋದನು. ಅವರು ಬೇಡವೆಂದರು. ಹಲಗೆ ಕೆಟ್ಟದ್ದೆಂದಲ್ಲ. ತಂತಿ ಬೆಸೆಯುವ ಕೆಲಸವನ್ನು ಹುಡುಗಿಯರು ಮಾಡುತ್ತಿದ್ದರು. ಅವರ ಕೂಲಿ ಅಗ್ಗ. ನಕ್ಷೆ ಬದಲಾದರೆ ಅವರು ನಾಳೆಯೇ ಬೇರೆ ರೀತಿಯಲ್ಲಿ ಬೆಸೆಯುತ್ತಾರೆ. ಹೀಗಿರುವಾಗ ಹೊಸ ಯಂತ್ರವೇಕೆ ಎಂಬುದು ಅವರ ವಾದ. ಲೆಕ್ಕ ಬರೆಯುವ ನಮ್ಮಂಥವರಿಗೆ ಈ ವಾದವು ಅರ್ಥವಾಗುತ್ತದೆ. ಆ ಹೊತ್ತಿನ ಪುಸ್ತಕದ ಪ್ರಕಾರ ಅದು ಸರಿಯೇ. ಆದರೆ ಕೈಯಿಂದ ಹತ್ತು ಸಾವಿರ ಬೆಸುಗೆ ಹಾಕುವಾಗ ತಪ್ಪುವ ಬೆಸುಗೆಗಳ ಖರ್ಚನ್ನು ಆ ಪುಸ್ತಕದ ಯಾವ ಕಾಲಮ್ಮಿನಲ್ಲಿಯೂ ಬರೆದಿರಲಿಲ್ಲ.

1939ರಲ್ಲಿ ಯುದ್ಧವು ಮೊದಲಾಯಿತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದವನನ್ನೇ, ಹುಟ್ಟು ಶತ್ರುದೇಶದ್ದೆಂಬ ಕಾರಣದಿಂದ, ಇಂಗ್ಲಿಷ್ ಸರಕಾರವು ಹಿಡಿದು ಶಿಬಿರದಲ್ಲಿಟ್ಟಿತು. ಅವನಂತೆ ಸಾವಿರಾರು ಜನ ನಿರಾಶ್ರಿತರು ಈ ವಿಚಿತ್ರ ನ್ಯಾಯಕ್ಕೆ ಗುರಿಯಾದರು. 1941ರಲ್ಲಿ ಬಿಡುಗಡೆಯಾಯಿತು. ಕೆಲವು ಕಾಲ ಪಯೋನಿಯರ್ ಕೋರ್ ಎಂಬ ದಳದಲ್ಲಿ ದುಡಿದು, ಮತ್ತೆ ತನ್ನ ಹಲಗೆಯನ್ನು ಎತ್ತಿಕೊಂಡು ಬಾಗಿಲು ಬಾಗಿಲು ಅಲೆದನು.

ಈ ಸಲ ಬಾಗಿಲು ತೆರೆದವರು ರೇಡಿಯೋ ಕಂಪನಿಯವರಲ್ಲ, ಅಚ್ಚಿನವರು. ಲಂಡನ್ನಿನ ಕ್ಯಾಂಬರ್‌ವೆಲ್ ಎಂಬಲ್ಲಿ ಹೆಂಡರ್ಸನ್ ಅಂಡ್ ಸ್ಪಾಲ್ಡಿಂಗ್ ಎಂಬ ಕಲ್ಲಚ್ಚಿನ ಕಂಪನಿಯಿತ್ತು. ಅದರ ಮುಖ್ಯಸ್ಥನು ಟೆಕ್ನೋಗ್ರಾಫ್ ಎಂಬ ತಮ್ಮ ಅಂಗಸಂಸ್ಥೆಯ ಮೂಲಕ ಈ ಕೆಲಸಕ್ಕೆ ಹಣ ಹಾಕಲು ಒಪ್ಪಿದನು. 1942ರ ಸುಮಾರಿಗೆ ಐಸ್ಲರನು ಅಚ್ಚಿನ ತಂತಿಗಳಿಂದ ಒಂದು ರೇಡಿಯೋವನ್ನು ರಚಿಸಿದನು. ಅದು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನ ಸಂಗ್ರಹಕ್ಕೆ ಸೇರಿದೆ. 1943ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು.

ಇಲ್ಲಿ ಒಂದು ಘಟನೆಯನ್ನು ಸಾವಕಾಶವಾಗಿ ಹೇಳಬೇಕು. ಕಂಪನಿಯೊಡನೆ ಒಪ್ಪಂದವಾಗುವಾಗ ಐಸ್ಲರನ ಮುಂದೆ ಒಂದು ಕರಾರುಪತ್ರವನ್ನು ಇಟ್ಟರು. ಆತನು ಅದನ್ನು ಓದದೆ ಸಹಿ ಹಾಕಿದನು. ಅದರ ಪ್ರಕಾರ, ಆತನು ನೌಕರಿಯಲ್ಲಿರುವವರೆಗೆ ಕಂಡುಹಿಡಿದುದರ ಹಕ್ಕೆಲ್ಲವೂ ಕಂಪನಿಗೆ ಸೇರತಕ್ಕದ್ದು. ಅದಕ್ಕೆ ಪ್ರತಿಫಲವಾಗಿ ಹೆಸರಿಗೆ ಒಂದು ಪೌಂಡು. ಟೆಕ್ನೋಗ್ರಾಫಿನಲ್ಲಿ ಆತನಿಗೆ ಶೇಕಡ 16.5ರಷ್ಟು ಪಾಲೂ ಇತ್ತು. ಆ ಕಾಲದ ನೌಕರಿಯ ಕರಾರುಗಳು ಹೀಗೆಯೇ ಇರುತ್ತಿದ್ದವೆಂದೂ ಅದರಲ್ಲಿ ಮೋಸವೇನೂ ಇರಲಿಲ್ಲವೆಂದೂ ಹೇಳುವುದು ನ್ಯಾಯ. ಆದರೆ ಜಗತ್ತಿನ ಕಾರ್ಖಾನೆಗಳ ರೂಪವನ್ನೇ ಬದಲಿಸಲಿದ್ದ ವಸ್ತುವಿನ ಒಡೆತನವು ಒಂದು ಸಹಿಯಿಂದ ಕೈತಪ್ಪಿಹೋದದ್ದಂತೂ ನಿಜ.

ಅಷ್ಟು ಓದಿದವನು, ಪತ್ರಿಕೆಯನ್ನೇ ಹೊರಡಿಸಿದವನು, ಹೀಗೇಕೆ ಮಾಡಿದನು? ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಇದು ಸೋಜಿಗವಲ್ಲ. ಐದು ವರ್ಷ ಅಲೆದವನು, ಶಿಬಿರದಿಂದ ಹೊರಬಂದವನು, ಪರದೇಶದಲ್ಲಿ ಇರಗೊಟ್ಟದ್ದೇ ಉಪಕಾರವೆಂದು ಭಾವಿಸುವವನು, ಬಾಗಿಲು ತೆರೆದವರ ಮುಂದೆ ಕುಳಿತು ಕರಾರಿನ ಪ್ರತಿಯೊಂದು ಕಲಮನ್ನೂ ಓದತೊಡಗಿದರೆ ಅವರಿಗೆ ಸಂಶಯವೆಂದು ತೋರೀತೆಂಬ ಸಂಕೋಚ. ಪರಸ್ಥಳದಲ್ಲಿ ಬದುಕುವವರ ಸಂಕೋಚವಿದು. ನಮ್ಮ ತಂದೆಯವರು ಉತ್ತರ ಕರ್ನಾಟಕದಿಂದ ಈ ಊರಿಗೆ ಬಂದ ಎರಡನೆಯ ವರ್ಷ, ಪರಿಚಿತರೊಬ್ಬರ ಸಾಲಕ್ಕೆ ಜಾಮೀನಾಗಿ ಸಹಿ ಹಾಕಿದರು. ಕಾಗದವು ಅವರು ಓದಲಾರದ ಭಾಷೆಯಲ್ಲಿತ್ತು. ಅದರಲ್ಲೇನಿದೆಯೆಂದು ಕೇಳಲು ನಾಚಿಕೆಯಾಯಿತು. ಸಾಲಗಾರರು ಊರು ಬಿಟ್ಟರು. ಮೂರು ವರ್ಷಗಳ ಕಾಲ ನಮ್ಮ ಮನೆಯ ಪಗಾರದ ಒಂದು ಭಾಗವು ಆ ಸಹಿಯನ್ನು ತೀರಿಸಿತು. ನಮ್ಮ ತಾಯಿಯವರ ಬಳೆಗಳು ಹೋದದ್ದು ಆಗಲೇ. ನಾವು ಬಿ.ಕಾಂ. ಓದಿ ಬ್ಯಾಂಕು ಸೇರಬೇಕೆಂದು ತಂದೆಯವರು ಹಟ ಹಿಡಿದುದಕ್ಕೆ ಇದೂ ಒಂದು ಕಾರಣವಿದ್ದೀತು.

ಕಥೆಗೆ ಮರಳೋಣ. ಯುದ್ಧಕಾಲದಲ್ಲಿ, ಗುರಿಯ ಸಮೀಪಕ್ಕೆ ಬಂದೊಡನೆ ತಾನಾಗಿ ಸಿಡಿಯುವ ಗುಂಡುಗಳನ್ನು ಮಾಡತೊಡಗಿದರು. ಅಂಥ ಗುಂಡಿನ ಮೂತಿಯಲ್ಲಿ ಒಂದು ಪುಟ್ಟ ರೇಡಿಯೋ ಇರಬೇಕು; ಹಾರಿಸುವಾಗಿನ ಧಕ್ಕೆಗೆ ಅದು ಚೂರಾಗಬಾರದು; ಲಕ್ಷಗಟ್ಟಲೆ ಬೇಕು. ಕೈಯಿಂದ ಬೆಸೆದ ತಂತಿಗಳಿಗೆ ಇದು ಕಷ್ಟದ ಪರೀಕ್ಷೆ. ಅಮೆರಿಕದವರು ಪಿಂಗಾಣಿಯಂಥ ಬಿಲ್ಲೆಗಳ ಮೇಲೆ ಬೆಳ್ಳಿಯ ಮಸಿಯಿಂದ ಮಂಡಲಗಳನ್ನು ಅಚ್ಚು ಹಾಕಿ ಈ ಸಮಸ್ಯೆಯನ್ನು ಬಿಡಿಸಿದರು. ಇದರ ಕೀರ್ತಿಯೆಲ್ಲ ಐಸ್ಲರನದೆನ್ನುವುದು ಸರಿಯಲ್ಲ. ಆ ಕ್ರಮವೇ ಬೇರೆ. ಆದರೆ ತಂತಿಯನ್ನು ಅಚ್ಚು ಹಾಕಬಹುದೆಂಬ ಮಾತಿಗೆ ಇನ್ನು ಯಾರೂ ನಗುವಂತಿರಲಿಲ್ಲ. ಯುದ್ಧ ಮುಗಿದ ಮೇಲೆ ಎಲ್ಲರೂ ಹಿಡಿದ ದಾರಿಯು ತಾಮ್ರದ ಹಾಳೆಯದೇ. 1948ರಲ್ಲಿ ಐಸ್ಲರನ ಹೆಸರಿನಲ್ಲಿ ಅಮೆರಿಕದ ಪೇಟೆಂಟು ಹೊರಟಿತು. 1950ರ ಜೂನ್ 21ರಂದು ಇಂಗ್ಲೆಂಡಿನ ಮೂರು ಪೇಟೆಂಟುಗಳು ದೊರೆತವು.

ಈ ಹಲಗೆಯಿಂದ ಮುಂದೆ ಎಂಥ ಯಂತ್ರಗಳ ಸಂತಾನ ಬೆಳೆಯಿತೆಂಬುದನ್ನು ಇಲ್ಲಿ ಹೇಳದೆ ಹೋದರೆ ಆತನ ಕೆಲಸದ ಬೆಲೆ ತಿಳಿಯದು. ಹಿಂದೆ ಹುಡುಗಿಯರ ಕೈಗಳು ಮೂರು ಕೆಲಸಗಳನ್ನು ಮಾಡುತ್ತಿದ್ದವು: ಜೋಡಿಸುವುದು, ಬೆಸೆಯುವುದು, ಪರೀಕ್ಷಿಸುವುದು. ತಂತಿ ಎಳೆಯುವ ಕಷ್ಟವನ್ನು ಅಚ್ಚು ತಪ್ಪಿಸಿತು. ಎಲ್ಲ ಬೆಸುಗೆಗಳೂ ಈಗ ಒಂದೇ ಸಮತಲಕ್ಕೆ ಬಂದುದರಿಂದ, ಎಲ್ಲವನ್ನೂ ಒಮ್ಮೆಗೇ ಹಾಕಬಾರದೇಕೆ ಎಂಬ ಯೋಚನೆ ಹುಟ್ಟಿತು. 1949ರಲ್ಲಿ ಅಮೆರಿಕದ ಸೈನ್ಯದ ಸಿಗ್ನಲ್ ಕೋರಿನ ಏಬ್ರಾಮ್ಸನ್ ಮತ್ತು ಡಾಂಕೊ ಎಂಬಿಬ್ಬರು, ಸಾಮಾನುಗಳ ಕಾಲುಗಳನ್ನು ತೂತುಗಳಲ್ಲಿ ತೂರಿಸಿ, ಹಲಗೆಯ ಅಡಿಯನ್ನು ಕರಗಿದ ಬೆಸುಗೆಯಲ್ಲಿ ಅದ್ದಿ ತೆಗೆಯುವ ಕ್ರಮವನ್ನು ರೂಪಿಸಿದರು. ಎಣ್ಣೆಯಲ್ಲಿ ಹೋಳಿಗೆಯ ಒಂದು ಮಗ್ಗುಲನ್ನು ತೋಯಿಸಿ ತೆಗೆದಷ್ಟು ಸುಲಭ. 1950ರ ದಶಕದಲ್ಲಿಯೇ ಇದಕ್ಕಿಂತ ಚೆನ್ನಾದ ಅಲೆಯ ಯಂತ್ರವು ಬಂದಿತು. ತೊಟ್ಟಿಯಲ್ಲಿ ಕರಗಿದ ಬೆಸುಗೆಯನ್ನು ಪಂಪು ಮೇಲಕ್ಕೆ ತಳ್ಳಿ ಒಂದು ನಿಂತ ಅಲೆಯನ್ನು ಎಬ್ಬಿಸುತ್ತದೆ. ಹಲಗೆಗಳು ಆ ಅಲೆಯ ನೆತ್ತಿಯನ್ನು ಸವರಿಕೊಂಡು ಸಾಗುತ್ತವೆ. ನೂರಾರು ಬೆಸುಗೆಗಳು ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತವೆ.

ಬೆಸುಗೆಯ ಲೋಹದ ಮಾತನ್ನೂ ಹೇಳಬೇಕು. ಬಹಳ ಕಾಲ ಅದು ನೂರಕ್ಕೆ 63 ಪಾಲು ತವರ, 37 ಪಾಲು ಸೀಸದ ಬೆರಕೆಯಾಗಿತ್ತು. ತವರವು ಕರಗಲು 232 ಡಿಗ್ರಿ ಸೆಲ್ಸಿಯಸ್ ಬೇಕು, ಸೀಸಕ್ಕೆ 327. ಆದರೆ ಈ ಪ್ರಮಾಣದಲ್ಲಿ ಬೆರೆತಾಗ ಎರಡೂ 183ರಲ್ಲಿಯೇ ಕರಗುತ್ತವೆ. ಸೀಸವು ವಿಷವಾದುದರಿಂದ 2006ರ ಜುಲೈಯಿಂದ ಯುರೋಪಿನ ದೇಶಗಳ ಒಕ್ಕೂಟವು ಮನೆಬಳಕೆಯ ಇಂಥ ವಸ್ತುಗಳಲ್ಲಿ ಅದನ್ನು ನಿರ್ಬಂಧಿಸಿತು. ಆ ಬಳಿಕ ತವರ, ಬೆಳ್ಳಿ, ತಾಮ್ರಗಳ ಬೆರಕೆಯು ಬಳಕೆಗೆ ಬಂದಿತು. ಅದು ಕರಗಬೇಕಾದರೆ ಸುಮಾರು 217 ಡಿಗ್ರಿ ಬೇಕು.

ಇಂದಿನ ಕಾರ್ಖಾನೆಯಲ್ಲಿ ಸಾಮಾನುಗಳಿಗೆ ಕಾಲುಗಳೇ ಕಡಮೆ. ತೂತು ಕೊರೆದ ಉಕ್ಕಿನ ತಗಡಿನ ಮೂಲಕ, ಬೇಕಾದ ಜಾಗಗಳಿಗೆ ಮಾತ್ರ ಬೆಸುಗೆಯ ಪೇಸ್ಟನ್ನು ಒತ್ತುತ್ತಾರೆ. ನಮ್ಮ ಅಕ್ಕತಂಗಿಯರು ತೂತಿನ ಕೊಳವೆಯಿಂದ, ಅಚ್ಚಿನ ತಗಡಿನಿಂದ ರಂಗೋಲಿ ಬಿಡುವುದೂ ಹೀಗೆಯೇ. ಬಳಿಕ ಯಂತ್ರದ ತೋಳು ಗಾಳಿ ಹೀರುವ ಮೂತಿಯಿಂದ ಎಳ್ಳಿಗಿಂತ ಸಣ್ಣ ಸಾಮಾನುಗಳನ್ನು ಎತ್ತಿ, ಗಂಟೆಗೆ ಸಾವಿರಗಟ್ಟಲೆಯಾಗಿ ಅವುಗಳ ಸ್ಥಾನದಲ್ಲಿ ಇಡುತ್ತದೆ. ಹಲಗೆಯು ಉದ್ದನೆಯ ಒಲೆಯೊಂದರೊಳಗೆ ಮೆಲ್ಲಗೆ ಸಾಗುವಾಗ ಪೇಸ್ಟು ಕರಗಿ ಎಲ್ಲವೂ ಬೆಸೆದುಕೊಳ್ಳುತ್ತವೆ. ಮೂರನೆಯ ಕೆಲಸವಾದ ಪರೀಕ್ಷೆಗೆ ಕ್ಯಾಮರಾಗಳಿವೆ. ಅವು ಪ್ರತಿಯೊಂದು ಬೆಸುಗೆಯನ್ನೂ ಒಳ್ಳೆಯ ಮಾದರಿಯೊಡನೆ ಹೋಲಿಸುತ್ತವೆ. ಸಾಮಾನಿನ ಹೊಟ್ಟೆಯ ಅಡಿ ಅಡಗಿದ, ಕಣ್ಣಿಗೆ ಕಾಣದ ಬೆಸುಗೆಗಳಿಗೆ, ಮುರಿದ ಎಲುಬಿಗೆ ಹಿಡಿಯುವಂತೆ ಎಕ್ಸ್-ರೇ ಹಿಡಿಯುತ್ತಾರೆ. ಭೀಷ್ಮನ ಶರಶಯ್ಯೆಯಂತೆ ಎದ್ದುನಿಂತ ನೂರಾರು ಮೊಳೆಗಳ ಮೇಲೆ ಹಲಗೆಯನ್ನು ಮಲಗಿಸಿ, ಪ್ರತಿಯೊಂದು ಹಾದಿಯಲ್ಲಿಯೂ ವಿದ್ಯುತ್ತು ಹರಿಯುವುದೋ ಇಲ್ಲವೋ ಎಂದು ನೋಡುವ ಯಂತ್ರವೂ ಉಂಟು.

ಆದರೂ ಮನುಷ್ಯನ ಕೈಗೆ ಕೆಲಸ ತಪ್ಪಿಲ್ಲ. ಯಂತ್ರವು ಸಂಶಯಪಟ್ಟುದನ್ನು ಕಣ್ಣಿಟ್ಟು ನೋಡುವವರು, ಕೆಟ್ಟುದನ್ನು ಐರನ್ನು ಹಿಡಿದು ಸರಿಪಡಿಸುವವರು ಇಂದಿಗೂ ಬೇಕು. ಅನೇಕ ಕಾರ್ಖಾನೆಗಳಲ್ಲಿ ಅವರು ಹೆಣ್ಣುಮಕ್ಕಳೇ. ನಮ್ಮ ಬೆಂಗಳೂರಿನಲ್ಲಿ 1948ರಲ್ಲಿ ಟೆಲಿಫೋನಿನ ಐ.ಟಿ.ಐ. ಕಾರ್ಖಾನೆಯೂ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಹುಟ್ಟಿದವು. ಬೆಸುಗೆಯ ಐರನ್ನು ಹಿಡಿದು ಮಕ್ಕಳನ್ನು ಓದಿಸಿದ ಕನ್ನಡದ ತಾಯಂದಿರು ಅಲ್ಲಿ ಎಷ್ಟೋ ಮಂದಿ. ನಾವು ಮತ ಹಾಕುವ ಯಂತ್ರಗಳನ್ನು ಮಾಡುವವರಲ್ಲಿ ಬೆಂಗಳೂರಿನ ಆ ಸಂಸ್ಥೆಯೂ ಒಂದು. ಅವುಗಳ ಒಳಗಿರುವುದೂ ಐಸ್ಲರನ ವಂಶದ ಹಲಗೆಯೇ.

ಇಷ್ಟೆಲ್ಲ ಬೆಳೆಯುವಾಗ ಐಸ್ಲರನಿಗೆ ದೊರೆತದ್ದೇನು? ಹಣವಂತೂ ಹೆಚ್ಚಲ್ಲ. ಕ್ರಮವನ್ನು ಬಳಸಿದವರು ಬಹಳ. ಅನುಮತಿ ಪಡೆದು ಹಣ ಕೊಟ್ಟವರು ಕೆಲವರೇ. ಟೆಕ್ನೋಗ್ರಾಫ್ ಹಣದ ಅಡಚಣೆಯಲ್ಲಿ ಸಿಕ್ಕಿತು. ನಮ್ಮ ನಾಡು ಒಂದಾದ ಮರುವರ್ಷ, 1957ರಲ್ಲಿ, ಆತನು ಆ ಕಂಪನಿಯನ್ನು ಬಿಟ್ಟನು. ಮುಂದೆ ಕಂಪನಿಯವರು ಅಮೆರಿಕದಲ್ಲಿ ಬೆಂಡಿಕ್ಸ್ ಎಂಬ ಸಂಸ್ಥೆಯ ಮೇಲೆ ದಾವೆ ಹೂಡಿದರು. 1963ರಲ್ಲಿ ಮೇರಿಲ್ಯಾಂಡಿನ ನ್ಯಾಯಾಲಯವು ಆ ಪೇಟೆಂಟುಗಳು ಊರ್ಜಿತವಲ್ಲವೆಂದು ತೀರ್ಪು ಕೊಟ್ಟಿತು. 1964ರಲ್ಲಿ ಮೇಲ್ಮನವಿಯಲ್ಲಿಯೂ ಅದೇ ಗಟ್ಟಿಯಾಯಿತು. ಜಗತ್ತಿನ ಅತ್ಯಂತ ದೊಡ್ಡ ಸಂತೆಯಲ್ಲಿ ಆ ಹಕ್ಕಿಗೆ ಬೆಲೆಯಿಲ್ಲದಂತಾಯಿತು.

ಆದರೆ ಆತನು ಕೈಕಟ್ಟಿ ಕೂಡುವವನಲ್ಲ. ಲೋಹದ ಹಾಳೆಯನ್ನು ಬಿಸಿಯ ಕೆಲಸಕ್ಕೆ ಹಚ್ಚಿದನು. ಗೋಡೆಗೆ ಹಚ್ಚುವ ಕಾಗದದಲ್ಲಿಯೇ ಹಾಳೆಯನ್ನಿಟ್ಟು ಚಳಿದೇಶದ ಮನೆಗಳನ್ನು ಬೆಚ್ಚಗಿಡುವುದು, ಆಹಾರವನ್ನು ಬಿಸಿಮಾಡುವುದು, ಮೋಟಾರಿನ ಹಿಂಬದಿಯ ಗಾಜಿನ ಮಂಜನ್ನು ಕರಗಿಸುವುದು, ಹೀಗೆ ಹಲವು. ಬುದ್ಧಿ ಓಡುತ್ತಿತ್ತು, ಅದೃಷ್ಟ ಹಿಂದೆ ಬೀಳುತ್ತಿತ್ತು. ಮನೆಗಳನ್ನು ಬೆಚ್ಚಗಿಡುವ ಕೆಲಸವು ಕುದುರೀತೆನ್ನುವಾಗ, 1965ರಲ್ಲಿ ಇಂಗ್ಲೆಂಡಿನ ಮಗ್ಗುಲ ಸಮುದ್ರದಲ್ಲಿ ಅನಿಲವು ಸಿಕ್ಕಿ, ಅಗ್ಗದ ಗ್ಯಾಸು ಮನೆಮನೆಗೆ ಬಂದಿತು. ಹೀಗಿದ್ದರೂ ಆತನ ಹೆಸರಿನಲ್ಲಿ ಹತ್ತಾರು ಪೇಟೆಂಟುಗಳು ಕೂಡಿದವು. 1989ರಲ್ಲಿ, ಎಂಬತ್ತು ದಾಟಿದ ಮೇಲೆ, ಆತನ ಆತ್ಮಕಥೆಯು ಇಂಗ್ಲಿಷಿನಲ್ಲಿ ಹೊರಬಂದಿತು. ಇಂಗ್ಲೆಂಡಿನ ವಿದ್ಯುತ್ ಇಂಜಿನಿಯರರ ಸಂಸ್ಥೆಯು ನಫೀಲ್ಡ್ ಬೆಳ್ಳಿಯ ಪದಕವನ್ನು ಕೊಟ್ಟು ಗೌರವಿಸಿತು. 1992ರ ಅಕ್ಟೋಬರ್ 26ರಂದು ಲಂಡನ್ನಿನಲ್ಲಿ ಆತನು ತೀರಿಕೊಂಡನು.

ಈ ಬಾಳನ್ನು ಸೋಲೆನ್ನಲು ನಾವು ಸಿದ್ಧರಿಲ್ಲ. ಲೆಕ್ಕದ ಪುಸ್ತಕದಲ್ಲಿ ಜಮೆಯ ಕಡೆಗೆ ಒಂದು ಪೌಂಡು ಕಂಡೀತು. ಆದರೆ ರೇಡಿಯೋ, ಗಡಿಯಾರ, ಮಿಕ್ಸರು, ಆಸ್ಪತ್ರೆಯ ಯಂತ್ರ, ಊರಿನ ಅಮ್ಮನ ದನಿಯನ್ನು ನಮ್ಮ ಕಿವಿಗೆ ತರುವ ಮೊಬೈಲು, ಇವೆಲ್ಲದರ ಒಳಗೆ ಆತನ ತಾಮ್ರದ ರಂಗವಲ್ಲಿಯಿದೆ. ಅದನ್ನು ಜಮೆ ಹಿಡಿಯುವ ಪುಸ್ತಕವು ಬೇರೆ. ಆದರೂ ಆ ಸಹಿಯ ಮಾತನ್ನು ಮರೆಯಲಾಗದು. ದುಡಿಮೆಯನ್ನು ಕಲಿಯುವಷ್ಟೇ ಎಚ್ಚರದಿಂದ, ದುಡಿಮೆಯ ಕಾಗದವನ್ನು ಓದುವುದನ್ನೂ ಕಲಿಯಬೇಕು.

ಈ ದಿನಗಳಲ್ಲಿ ಆ ಎಚ್ಚರವು ಇನ್ನೂ ಹೆಚ್ಚು ಬೇಕು. ಸಾಲದ ಕರಾರು ಈಗ ಕಾಗದದಲ್ಲಿಲ್ಲ, ಮೊಬೈಲಿನ ಪರದೆಯ ಮೇಲಿದೆ. ಉದ್ದನೆಯ ಇಂಗ್ಲಿಷ್ ಬರಹದ ಕೊನೆಗೆ ಒಪ್ಪಿದೆನೆಂಬ ಗುಂಡಿ. ಅದನ್ನು ಒತ್ತಿದರೆ ಸಹಿಯಾಯಿತು. ಓದದೆ ಸಹಿ ಹಾಕಿದವನು ಕೊಟ್ಟ ಹಲಗೆಯ ಮೇಲೆಯೇ ಇಂದು ಲಕ್ಷಾಂತರ ಜನ ಓದದೆ ಸಹಿ ಹಾಕುತ್ತಿದ್ದಾರೆ. ಬಾಗಲಕೋಟೆ ವಿಜಯಪುರಗಳಿಂದ ಕಟ್ಟಡದ ಕೆಲಸಕ್ಕೆ ಬಂದು, ನಮ್ಮ ಕೌಂಟರಿನ ಮುಂದೆ ಕನ್ನಡದ ಒಂದು ಮಾತು ಕಿವಿಗೆ ಬಿದ್ದೊಡನೆ ಮುಖವರಳಿಸುವ ತಮ್ಮಂದಿರನ್ನು ನಾವು ದಿನವೂ ಕಾಣುತ್ತೇವೆ. ಸಹಿ ಎಲ್ಲಿ ಹಾಕಬೇಕೆಂದಷ್ಟೇ ಅವರು ಕೇಳುತ್ತಾರೆ, ಏತಕ್ಕೆಂದು ಕೇಳುವುದಿಲ್ಲ.

ಆದುದರಿಂದ ನಮ್ಮ ಸಂಘಕ್ಕೆ ನಾವು ಒಂದು ವಿನಂತಿಯನ್ನು ಮುಂದಿಡುತ್ತೇವೆ. ಭಾನುವಾರದ ಕನ್ನಡ ವರ್ಗವು ಮುಗಿದ ಮೇಲೆ ಸಂಘದ ಕೋಣೆಯು ಒಂದು ಗಂಟೆ ತೆರೆದಿರಲಿ. ಬಾಡಿಗೆಯ ಕರಾರು, ನೌಕರಿಯ ಪತ್ರ, ಸಾಲದ ಫಾರಮು, ಏನನ್ನು ತಂದರೂ ಅದನ್ನು ಓದಿ ಕನ್ನಡದಲ್ಲಿ ತಿಳಿಸಿ ಹೇಳುವ ಇಬ್ಬರು ಅಲ್ಲಿರಲಿ. ಅವರಲ್ಲಿ ಒಬ್ಬರಾಗಿ ಕುಳಿತುಕೊಳ್ಳಲು ನಾವು ಸಿದ್ಧರಿದ್ದೇವೆ. ರಾಜ್ಯೋತ್ಸವದ ದಿನ ಧ್ವಜವನ್ನೇರಿಸಿ ತಾಯ್ನುಡಿಗೆ ಜಯಕಾರ ಹಾಕುತ್ತೇವೆ. ಆ ನುಡಿಯಿಂದ ಒಬ್ಬ ಬಡವನ ಒಂದು ಸಹಿಯು ಉಳಿದರೆ ಆ ಜಯಕಾರವು ಸಾರ್ಥಕವಾದೀತು.